ಕಾಸಿಗೊಂದಾಟ: ವಿಡಿಯೋ ಗೇಮ್ ದಂಧೆಯ ಐವತ್ತು ವರ್ಷ

ಗೇಮ್ ಆಡುವ ಯಾರನ್ನಾದರೂ ಮಾತಿಗೆಳೆಯಿರಿ, ಐದು ನಿಮಿಷದೊಳಗೆ ಒಂದು ಗೊಣಗಾಟ ಬಂದೇ ಬರುತ್ತೆ. "ಮೊದಲೆಲ್ಲ ಹೀಗಿರಲಿಲ್ಲ ಮಾರಾಯ. ಒಂದ್ಸಲ ದುಡ್ಡು ಕೊಟ್ಟರೆ ಮುಗೀತು, ಗೇಮ್ ನಮ್ಮದು. ಈಗ ಅಂಗಿಗೊಂದು ರೇಟು, ಕತ್ತಿಗೊಂದು ರೇಟು, ಡಬ್ಬಿ ಒಡೆಯೋಕೊಂದು ರೇಟು. ಕಂಪನಿಗಳು ಕೆಟ್ಟುಹೋದ್ವು."

ಹೀಗೆ ಗೊಣಗುವವರಲ್ಲಿ ನಾನೂ ಒಬ್ಬ. ಆದರೆ "ಕೆಟ್ಟುಹೋದ್ವು" ಅನ್ನೋ ಮಾತಿಗೆ ಮಾತ್ರ ನನ್ನ ತಕರಾರಿದೆ. ಕೆಟ್ಟುಹೋಗಬೇಕಾದರೆ ಮೊದಲು ಒಳ್ಳೆಯವಾಗಿರಬೇಕಲ್ವಾ? ಇತಿಹಾಸ ನೋಡಿದರೆ ಈ ದಂಧೆ ಹುಟ್ಟಿದ್ದೇ ಕಾಸು ಹಾಕೋ ಕಂಡಿಯ ಜತೆ. ನಡುವೆ ಒಂದು ಇಪ್ಪತ್ತೈದು ಮೂವತ್ತು ವರ್ಷ ಆ ಕಂಡಿ ನಮ್ಮ ಮನೆಯ ಹೊಸಿಲಿನಾಚೆ ನಿಂತಿತ್ತು, ಅಷ್ಟೆ. ಆಮೇಲೆ ಇಂಟರ್ನೆಟ್ಟಿನ ವೈರು ಹಿಡಿದು ಒಳಗೆ ಬಂತು. ನಾವು "ಒಳ್ಳೆ ಕಾಲ" ಅಂತ ನೆನೆಸಿಕೊಳ್ಳೋದು ಆ ನಡುವಿನ ಕಾಲವನ್ನ. ಅದನ್ನೂ ಕಂಪನಿಗಳು ನಮ್ಮ ಮೇಲಿನ ಪ್ರೀತಿಯಿಂದ ಕೊಟ್ಟಿದ್ದಲ್ಲ. ಆ ಕಥೆಯನ್ನೇ ಇಲ್ಲಿ ಹೇಳೋಣ ಅಂತ. ಸ್ವಲ್ಪ ಉದ್ದ ಇದೆ, ಕಾಫಿ ತಂದಿಟ್ಟುಕೊಂಡು ಓದಿ :-)

*

ಶುರು ಮಾಡಬೇಕಾದ್ದು 1972ರಿಂದ. ಕ್ಯಾಲಿಫೋರ್ನಿಯಾದ ಸನ್ನಿವೇಲ್. (ಈಗ ಆ ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡಲ್ಲ. ಆಗಿನ ಮಾತು ಬೇರೆ.) ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ಅನ್ನುವ ಇಬ್ಬರು ಅಟಾರಿ ಅಂತ ಒಂದು ಕಂಪನಿ ಶುರು ಮಾಡಿದ್ದರು. ಅವರ ಇಂಜಿನಿಯರ್ ಅಲನ್ ಆಲ್ಕಾರ್ನ್ 'ಪಾಂಗ್' ಅನ್ನುವ ಆಟ ಮಾಡಿದ. ಪರದೆಯ ಮೇಲೆ ಎರಡು ಗೆರೆ, ಒಂದು ಚುಕ್ಕೆ, ಚುಕ್ಕೆಯನ್ನು ಆ ಕಡೆಯಿಂದ ಈ ಕಡೆಗೆ ಹೊಡೆಯೋದು. ಮೊದಲ ಮಶೀನನ್ನು ಆಂಡಿ ಕ್ಯಾಪ್ಸ್ ಅನ್ನೋ ಬಾರಿನಲ್ಲಿ ತಂದಿಟ್ಟರು. ಕೆಲವೇ ದಿನಗಳಲ್ಲಿ ಬಾರಿನಿಂದ ಫೋನು: ನಿಮ್ಮ ಮಶೀನ್ ಕೆಟ್ಟಿದೆ, ಬಂದು ನೋಡಿ. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಮಶೀನಿಗೆ ಏನೂ ಆಗಿರಲಿಲ್ಲ. ಒಳಗಿಟ್ಟಿದ್ದ ಡಬ್ಬಿ 25 ಸೆಂಟಿನ ನಾಣ್ಯಗಳಿಂದ ತುಂಬಿ, ಇನ್ನೊಂದು ನಾಣ್ಯಕ್ಕೆ ಜಾಗ ಇಲ್ಲದೆ ಆಟ ನಿಂತಿತ್ತು!

ಈ ದಂಧೆಯ ಮೊದಲ ರಿಪೇರಿ ಅಂದರೆ ಇದು: ದುಡ್ಡಿನ ಡಬ್ಬಿ ದೊಡ್ಡದು ಮಾಡಿದ್ದು. ಐವತ್ತು ವರ್ಷದಿಂದ ಅದೇ ರಿಪೇರಿ ನಡೀತಾ ಇದೆ ಅನ್ನೋದು ನನ್ನಂಥ ಸಿನಿಕರ ಅಭಿಪ್ರಾಯ.

ತಮಾಷೆ ಏನಂದರೆ, ಅದೇ 1972ರಲ್ಲಿ ಇನ್ನೊಂದು ದಾರಿಯೂ ಹುಟ್ಟಿತು. ರಾಲ್ಫ್ ಬೇಯರ್ ಅನ್ನೋ ಇಂಜಿನಿಯರ್ ಕಂಡುಹಿಡಿದಿದ್ದನ್ನು ಮ್ಯಾಗ್ನಾವಾಕ್ಸ್ ಕಂಪನಿ 'ಒಡಿಸ್ಸಿ' ಅನ್ನೋ ಹೆಸರಲ್ಲಿ ಮಾರಿತು. ಮನೆಯ ಟಿವಿಗೆ ಸಿಕ್ಕಿಸಿ ಆಡುವ ಮೊದಲ ಪೆಟ್ಟಿಗೆ. ಅದಕ್ಕೆ ನಾಣ್ಯದ ಕಂಡಿ ಇರಲಿಲ್ಲ. ಒಂದು ಸಲ ಕೊಂಡರೆ ಮುಗೀತು, ಎಷ್ಟು ಬೇಕಾದರೂ ಆಡಿ. ಒಂದೇ ವರ್ಷದಲ್ಲಿ ಎರಡು ದಾರಿ: ಒಂದರಲ್ಲಿ ಆಟದ ಒಡೆಯ ಅಂಗಡಿಯವನು, ಇನ್ನೊಂದರಲ್ಲಿ ನೀವು.

ಮೊದಲು ಅಂಗಡಿಯವನ ದಾರಿ ನೋಡೋಣ. ಕಾಸು ಹಾಕಿಸೋ ಮಶೀನಿಗೆ ಅದರದೇ ಒಂದು ಲೆಕ್ಕಾಚಾರ ಇದೆ. ಒಂದು ನಾಣ್ಯಕ್ಕೆ ಹುಡುಗ ಒಂದು ಗಂಟೆ ಆಡಿಬಿಟ್ಟರೆ ಅಂಗಡಿಯವನಿಗೆ ನಷ್ಟ. ಹತ್ತೇ ಸೆಕೆಂಡಲ್ಲಿ ಸತ್ತರೆ ಹುಡುಗ ಬೈದುಕೊಂಡು ಹೋಗ್ತಾನೆ, ಮತ್ತೆ ಬರಲ್ಲ. ಅದಕ್ಕೇ ಕೆಲವೇ ನಿಮಿಷ ಆಡಿಸಬೇಕು, "ಅಯ್ಯೋ, ಇನ್ನೊಂದು ಸ್ವಲ್ಪದರಲ್ಲಿ ತಪ್ಪಿಹೋಯ್ತು" ಅನ್ನಿಸಬೇಕು, ಕೈ ತಾನಾಗಿ ಜೇಬಿಗೆ ಹೋಗಬೇಕು. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್ ಮ್ಯಾನ್ ಎರಡೂ ಅದ್ಭುತ ಆಟಗಳೇ, ಅನುಮಾನ ಇಲ್ಲ. ಆದರೆ ಎರಡೂ ಈ ಲೆಕ್ಕದೊಳಗೇ ಹುಟ್ಟಿದವು. (ಸ್ಪೇಸ್ ಇನ್ವೇಡರ್ಸ್ ಆಡೀ ಆಡೀ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೆ ಬರ ಬಂತು ಅಂತ ಹೇಳೋರಿದ್ದಾರೆ. ಅದು ಬರೀ ದಂತಕಥೆ, ನಂಬಬೇಡಿ.)

1985ರಲ್ಲಿ ಅಟಾರಿ ಗೇಮ್ಸ್ 'ಗಾಂಟ್ಲೆಟ್' ಅಂತ ಒಂದು ಆಟ ತಂದಿತು. ಅದರಲ್ಲಿ ನೀವು ಸುಮ್ಮನೆ ನಿಂತಿದ್ದರೂ ನಿಮ್ಮ ಆರೋಗ್ಯ ಒಂದೊಂದೇ ಅಂಕಿ ಇಳೀತಾ ಹೋಗುತ್ತೆ. ಉಳಿಯಬೇಕಾ? ಇನ್ನೊಂದು ನಾಣ್ಯ ಹಾಕಿ, ಆರೋಗ್ಯ ಏರುತ್ತೆ. 1990ರಲ್ಲಿ 'ಡಬಲ್ ಡ್ರ್ಯಾಗನ್ 3' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಟದ ಒಳಗೇ ಒಂದು ಅಂಗಡಿ! ಅಲ್ಲಿ ಆಯುಧ, ಹೊಸ ಪಟ್ಟು, ಹೊಸ ಹೋರಾಟಗಾರ ಎಲ್ಲ ಸಿಗುತ್ತೆ, ಬೆಲೆ ಮಾತ್ರ ನಿಜವಾದ ನಾಣ್ಯದಲ್ಲಿ. ಇವತ್ತು ಮೈಕ್ರೋಟ್ರಾನ್ಸಾಕ್ಷನ್ ಅಂತ ಉದ್ದದ ಹೆಸರಿಟ್ಟುಕೊಂಡಿರೋದು ಮೂವತ್ತು ವರ್ಷಕ್ಕೂ ಹಳೆಯ ಈ ವಿದ್ಯೆಗೇ. ಜಪಾನಿನಲ್ಲಿ ಬಿಟ್ಟ ಆವೃತ್ತಿಯಲ್ಲಿ ಈ ನಾಣ್ಯದ ಅಂಗಡಿಯನ್ನು ತೆಗೆದೇಬಿಟ್ಟರು ಅನ್ನೋದು ಬೇರೆ ಮಾತು.

ನಮ್ಮೂರುಗಳ ವಿಡಿಯೋ ಗೇಮ್ ಪಾರ್ಲರುಗಳಲ್ಲಿ 'ಮುಸ್ತಫಾ' ಆಡಿದವರು ಇದನ್ನ ಓದ್ತಾ ಇದ್ದರೆ, ನಿಮಗೆ ಈ ವಿದ್ಯೆ ಹೊಸದೇನಲ್ಲ. ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', ಕ್ಯಾಪ್ಕಾಮ್ ಕಂಪನಿಯದು, 1993ರದ್ದು. ಅದರಲ್ಲಿನ ಮುಸ್ತಫಾ ಅನ್ನೋ ಹಳದಿ ಟೋಪಿಯವನ ಹೆಸರೇ ಇಡೀ ಭಾರತದಲ್ಲಿ ಆಟದ ಹೆಸರಾಯ್ತು. ಸತ್ತಾಗ ಪರದೆಯ ಮೇಲೆ ಹತ್ತು, ಒಂಬತ್ತು, ಎಂಟು ಅಂತ ಇಳಿಯೋ ಅಂಕಿ ನೆನಪಿದೆಯಾ? ಆ ಹತ್ತು ಸೆಕೆಂಡಿನಲ್ಲಿ ಹುಡುಗರು ಪಕ್ಕದವನ ಹತ್ತಿರ ಚಿಲ್ಲರೆಗೆ ಅಂಗಲಾಚೋದೂ ನೆನಪಿರಬೇಕು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂದರೆ ಇದೇ.

*

ಈಗ ಮನೆಯ ದಾರಿಗೆ ಬರೋಣ. 1977ರಲ್ಲಿ ಅಟಾರಿ ಮನೆಗೆ ಒಂದು ಪೆಟ್ಟಿಗೆ ತಂದಿತು, ಮುಂದೆ ಅದಕ್ಕೆ 'ಅಟಾರಿ 2600' ಅಂತ ಹೆಸರಾಯ್ತು. ಆಟಗಳು ಪ್ಲಾಸ್ಟಿಕ್ಕಿನ ಕಾರ್ಟ್ರಿಡ್ಜುಗಳಲ್ಲಿ ಬರ್ತಿದ್ದವು. ಸಿಕ್ಕಿಸು, ಆಡು. ಸತ್ತರೆ ಮತ್ತೆ ಆಡು, ಯಾರೂ ಕಾಸು ಕೇಳಲ್ಲ. ಬೇಜಾರಾದರೆ ಗೆಳೆಯನಿಗೆ ಕೊಡು, ಇಲ್ಲಾ ಮಾರಿಬಿಡು. ಇದರಲ್ಲಿ ಕಂಪನಿಯ ಉದಾರತೆ ಏನೂ ಇಲ್ಲ ನೋಡಿ. ಪ್ಲಾಸ್ಟಿಕ್ ತುಂಡು ಒಮ್ಮೆ ಅಂಗಡಿಯಿಂದ ಆಚೆ ಹೋದರೆ ಅದಕ್ಕೂ ಕಂಪನಿಗೂ ನಡುವೆ ಯಾವ ದಾರವೂ ಇರಲಿಲ್ಲ. ಹಿಡಿದೆಳೆಯೋಕೆ ದಾರ ಇಲ್ಲದ್ದಕ್ಕೆ ಬಿಟ್ಟರು, ಅಷ್ಟೇ.

ಆಟ ಕೊಂಡವರ ಕಥೆ ಇದಾದರೆ, ಆಟ ಮಾಡಿದವರ ಕಥೆ ಇನ್ನೊಂದು. ಅಟಾರಿಯಲ್ಲಿ ಆಟ ಬರೆಯುವವರ ಹೆಸರು ಎಲ್ಲೂ ಹಾಕ್ತಿರಲಿಲ್ಲ. ವಾರೆನ್ ರಾಬಿನೆಟ್ ಅನ್ನೋನು 'ಅಡ್ವೆಂಚರ್' ಆಟದೊಳಗೆ ಯಾರಿಗೂ ಹೇಳದೆ ಒಂದು ಗುಟ್ಟಿನ ಕೋಣೆ ಮಾಡಿ ಅಲ್ಲಿ ತನ್ನ ಹೆಸರು ಬರೆದಿಟ್ಟ. ಆಡುವ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆಯೋ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟು ಹೋಗಿದ್ದ. ಇನ್ನು ನಾಲ್ವರು, ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್, ತಮ್ಮ ಆಟಗಳಿಂದ ಕಂಪನಿಗೆ ಕೋಟಿಗಟ್ಟಲೆ ಬರ್ತಿದೆ, ನಮಗೂ ಒಂದು ಪಾಲು ಕೊಡಿ ಅಂತ ಮುಖ್ಯಸ್ಥ ರೇ ಕಸ್ಸಾರ್ ಹತ್ತಿರ ಹೋದರು. ಕ್ರೇನ್ ಮುಂದೆ ಹೇಳಿಕೊಂಡ ಪ್ರಕಾರ, ಕಾರ್ಟ್ರಿಡ್ಜ್ ಜೋಡಿಸೋ ಸಾಲಿನಲ್ಲಿ ಕೂತವರಿಗಿಂತ ನೀವು ಮಾಡಿದ್ದೇನೂ ಹೆಚ್ಚಲ್ಲ ಅನ್ನೋ ಅರ್ಥದ ಉತ್ತರ ಬಂತು. ನಾಲ್ವರೂ ಹೊರಗೆ ಬಂದರು. ಸಂಗೀತದ ಉದ್ಯಮದಲ್ಲಿದ್ದ ಜಿಮ್ ಲೆವಿ ಜತೆ ಸೇರಿ 1979ರಲ್ಲಿ 'ಆಕ್ಟಿವಿಷನ್' ಶುರು ಮಾಡಿದರು. ಆಟದ ಪೆಟ್ಟಿಗೆ ಒಬ್ಬರದು, ಆಟ ಇನ್ನೊಬ್ಬರದು ಅನ್ನೋ ಪದ್ಧತಿ ಹುಟ್ಟಿದ್ದೇ ಇಲ್ಲಿ. ಅಟಾರಿ ಕೋರ್ಟಿಗೆ ಹೋಯ್ತು, 1982ರಲ್ಲಿ ರಾಜಿಯಾಯ್ತು.

ರಾಜಿಯಾದ ಮೇಲೆ ಎಲ್ಲರಿಗೂ ಆಸೆ ಬಂತು. ಕಂಡಕಂಡವರೆಲ್ಲ ಕಾರ್ಟ್ರಿಡ್ಜ್ ಮಾಡೋಕೆ ಶುರು. ಗುಣಮಟ್ಟ ಕೇಳೋರಿಲ್ಲ. ಅಟಾರಿಯೇನೂ ಹಿಂದೆ ಬೀಳಲಿಲ್ಲ. ಸ್ಪೀಲ್‌ಬರ್ಗ್ ಸಿನಿಮಾ 'ಇಟಿ'ಯ ಹಕ್ಕಿಗೆ 2 ಕೋಟಿ ಡಾಲರಿಗೂ ಹೆಚ್ಚು ಸುರಿದರು ಅಂತ ಆಗಿನ ವರದಿಗಳಿವೆ. 1982ರ ಕ್ರಿಸ್‌ಮಸ್ಸಿಗೆ ಆಟ ಅಂಗಡಿಯಲ್ಲಿರಬೇಕು. ಹಾಗಾಗಿ ಹೊವಾರ್ಡ್ ಸ್ಕಾಟ್ ವಾರ್ಷಾ ಅನ್ನುವವನಿಗೆ ಸಿಕ್ಕ ಸಮಯ ಐದೇ ವಾರ! ಇಡೀ ಆಟ ಒಬ್ಬನೇ ಬರೆದ. ಹಳ್ಳಕ್ಕೆ ಬೀಳೋದು, ಹತ್ತೋದು, ಮತ್ತೆ ಬೀಳೋದು, ಇದೇ ಆಟ. ಇವತ್ತಿಗೂ ಜನ ವಾರ್ಷಾನನ್ನೇ ಬೈತಾರೆ. ಐದು ವಾರದ ಗಡುವು ಇಟ್ಟವರ ಹೆಸರು ಯಾರಿಗೂ ನೆನಪಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗೆ.

1983ರಲ್ಲಿ ಅಟಾರಿಯ ನಷ್ಟ 50 ಕೋಟಿ ಡಾಲರ್ ದಾಟಿತು. ಅಮೆರಿಕದ ಮನೆ ಆಟಗಳ ಮಾರುಕಟ್ಟೆ ಎರಡು ವರ್ಷದಲ್ಲಿ ಹೇಳಹೆಸರಿಲ್ಲದಂತಾಯ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಕಾರ್ಟ್ರಿಡ್ಜುಗಳನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಆಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ಈ ಗುಂಡಿಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

*

ಬಿದ್ದ ಮಾರುಕಟ್ಟೆಯನ್ನು ಎತ್ತಿದ್ದು ಜಪಾನಿನ ನಿಂಟೆಂಡೋ. 1985ರಲ್ಲಿ ಅಮೆರಿಕಕ್ಕೆ ಬಂದಾಗ ಅದರ ಪೆಟ್ಟಿಗೆಯೊಳಗೆ ಒಂದು ಬೀಗದ ಚಿಪ್ ಇತ್ತು. ನಿಂಟೆಂಡೋ ಒಪ್ಪಿಗೆ ಇಲ್ಲದ ಕಾರ್ಟ್ರಿಡ್ಜ್ ಹಾಕಿದರೆ ಆಟ ಓಡಲ್ಲ. ಬೇರೆ ಕಂಪನಿಗಳು ವರ್ಷಕ್ಕೆ ಐದೇ ಆಟ ತರಬೇಕು, ಕಾರ್ಟ್ರಿಡ್ಜುಗಳನ್ನು ನಿಂಟೆಂಡೋ ಕೈಯಲ್ಲೇ ಮಾಡಿಸಬೇಕು, ಅದೂ ಮುಂಗಡ ದುಡ್ಡು ಕಟ್ಟಿ. (ಕೊನಾಮಿ ಕಂಪನಿ ಇದಕ್ಕೆ ಒಂದು ಉಪಾಯ ಮಾಡಿತು. 'ಅಲ್ಟ್ರಾ' ಅಂತ ಇನ್ನೊಂದು ಹೆಸರು ಇಟ್ಟುಕೊಂಡು ಇನ್ನೂ ಐದು ಆಟ!) ಗುಣಮಟ್ಟಕ್ಕಾಗಿ ಈ ಬೀಗ ಅಂತ ಹೇಳಿದರು. ಸ್ವಲ್ಪ ನಿಜ ಕೂಡ. ಆದರೆ 1983ರಿಂದ ದಂಧೆ ಕಲಿತ ಪಾಠ "ಒಳ್ಳೆ ಆಟ ಮಾಡೋಣ" ಅನ್ನೋದಲ್ಲ, "ಕೀಲಿಕೈ ನಮ್ಮ ಸೊಂಟದಲ್ಲಿರಲಿ" ಅನ್ನೋದು.

ಅದೃಷ್ಟಕ್ಕೆ ಆಗ ಆ ಬೀಗ ಕಂಪನಿ ಕಂಪನಿಗಳ ನಡುವೆ ಮಾತ್ರ ಇತ್ತು, ಕೊಂಡವನ ಕೈ ಇನ್ನೂ ಕಟ್ಟಿರಲಿಲ್ಲ. ಕಟ್ಟೋ ಪ್ರಯತ್ನವೇನೋ ನಡೆಯಿತು. 'ಗೇಮ್ ಜೀನಿ' ಅಂತ ಒಂದು ಸಾಧನ ಬಂತು, ಕಾರ್ಟ್ರಿಡ್ಜಿನ ತುದಿಗೆ ಸಿಕ್ಕಿಸಿದರೆ ಮೂರು ಪ್ರಾಣದ ಬದಲು ಒಂಬತ್ತು ಪ್ರಾಣ, ಎತ್ತರದ ಜಿಗಿತ, ಹೀಗೆ ಆಟ ಬದಲಾಗೋದು. ಅದನ್ನು ಮಾರುತ್ತಿದ್ದ ಗಲೂಬ್ ಅನ್ನೋ ಆಟಿಕೆ ಕಂಪನಿಯ ಮೇಲೆ ನಿಂಟೆಂಡೋ ಕೇಸು ಹಾಕಿತು. ಅಮೆರಿಕದ ಕೋರ್ಟು ಏನಂತು ಗೊತ್ತಾ? ಕೊಂಡವನು ತನ್ನ ಮನೆಯಲ್ಲಿ, ತನ್ನ ಕಾರ್ಟ್ರಿಡ್ಜಿನ ಜತೆ, ತನ್ನ ಖುಷಿಗೆ ಹೀಗೆ ಆಡಿದರೆ ಅದು ಕಳ್ಳತನ ಅಲ್ಲ ಅಂತು. 1992ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು. ಮಾರಾಟ ತಡೆಹಿಡಿಸಿದ್ದಕ್ಕೆ ನಿಂಟೆಂಡೋ 1.5 ಕೋಟಿ ಡಾಲರ್ ಪರಿಹಾರ ಕೊಡಬೇಕಾಯ್ತು. ಅಂಗಡಿಗಳು ಆಟವನ್ನು ಬಾಡಿಗೆಗೆ ಕೊಡೋದನ್ನು ನಿಲ್ಲಿಸೋಕೂ ನಿಂಟೆಂಡೋ ಹೆಣಗಾಡಿತು. 1990ರಲ್ಲಿ ಬಂದ ಕಾನೂನು ಕಂಪ್ಯೂಟರ್ ಸಾಫ್ಟ್‌ವೇರ್ ಬಾಡಿಗೆಯನ್ನು ತಡೆಯಿತು, ಆದರೆ ಕಾರ್ಟ್ರಿಡ್ಜ್ ಆಟಗಳನ್ನು ಹೊರಗಿಟ್ಟಿತು. ಬಾಡಿಗೆ ಅಂಗಡಿ ಉಳಿಯಿತು.

ಅತ್ತ ಕಂಪ್ಯೂಟರ್ ಕಡೆ, 1993ರ ಡಿಸೆಂಬರಿನಲ್ಲಿ 'ಡೂಮ್' ಬಂತು. ಮೊದಲ ಭಾಗ ಪುಕ್ಕಟೆ, ಗೆಳೆಯರಿಗೆ ಹಂಚಿ, ಇಷ್ಟ ಆದರೆ ಉಳಿದದ್ದು ಕೊಳ್ಳಿ ಅಂದರು. ಆಟದ ಹಂತಗಳನ್ನು ಯಾರು ಬೇಕಾದರೂ ತಿದ್ದಬಹುದಿತ್ತು. 1997ರಲ್ಲಿ ಜಾನ್ ಕಾರ್ಮ್ಯಾಕ್ ಅದರ ಸೋರ್ಸ್ ಕೋಡನ್ನೇ ಬಿಡುಗಡೆ ಮಾಡಿದ. ಆಟ ಇವತ್ತಿಗೂ ಸತ್ತಿಲ್ಲ, ಸಾಯೋದೂ ಇಲ್ಲ. 'ಕೌಂಟರ್ ಸ್ಟ್ರೈಕ್' ಹುಟ್ಟಿದ್ದೂ ಹೀಗೇ. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅನ್ನೋ ಇಬ್ಬರು ಆಡುವ ಹುಡುಗರು 'ಹಾಫ್ ಲೈಫ್' ಆಟವನ್ನ ತಿದ್ದಿ ಮಾಡಿದ್ದು. ಬೆಂಗಳೂರು ಮೈಸೂರಿನ ಸೈಬರ್ ಕೆಫೆಗಳಲ್ಲಿ ಎಷ್ಟು ಕಾಲೇಜು ಕ್ಲಾಸುಗಳು ಅದಕ್ಕೆ ಬಲಿಯಾದವೋ ಲೆಕ್ಕ ಇಟ್ಟವರಿಲ್ಲ :-) ಅಲ್ಲೂ ಗಂಟೆಗಿಷ್ಟು ಅಂತ ಕೊಡ್ತಿದ್ದೆವು ನಿಜ, ಅದು ಕೆಫೆಯವನಿಗೆ. ಕಂಪ್ಯೂಟರಿಂದ ಕಂಪ್ಯೂಟರಿಗೆ ಒಂದು ವೈರು ಇದ್ದರೆ ಆಟ ನಡೀತಿತ್ತು. ಅಮೆರಿಕದ ಯಾವ ಸರ್ವರೂ ಅದಕ್ಕೆ ಅಪ್ಪಣೆ ಕೊಡಬೇಕಾಗಿರಲಿಲ್ಲ.

ಇದೇ ನಮ್ಮ "ಒಳ್ಳೆ ಕಾಲ". ಅದನ್ನು ಕಟ್ಟಿದ್ದು ಯಾರು ನೋಡಿ: ಮಾತು ಕೇಳದೆ ಹೊರಬಂದ ನಾಲ್ವರು, ಒಂದೆರಡು ಕೋರ್ಟ್ ತೀರ್ಪು, ಒಂದು ಕಾನೂನು, ಆಟವನ್ನು ಬಿಚ್ಚಿ ತಿದ್ದುವ ಹುಡುಗರು, ಮತ್ತೆ ದಾರವಿಲ್ಲದ ಪ್ಲಾಸ್ಟಿಕ್ ತುಂಡು.

*

ಆಮೇಲೆ ದಾರ ಸಿಕ್ಕಿತು.

2003ರ ಸೆಪ್ಟೆಂಬರಿನಲ್ಲಿ ವಾಲ್ವ್ ಕಂಪನಿ 'ಸ್ಟೀಮ್' ತಂದಿತು. 2004ರ ನವೆಂಬರಿನಲ್ಲಿ 'ಹಾಫ್ ಲೈಫ್ 2' ಬಂದಾಗ, ಅಂಗಡಿಯಲ್ಲಿ ಡಿಸ್ಕ್ ಕೊಂಡವರೂ ಮೊದಲು ಇಂಟರ್ನೆಟ್ಟಿಗೆ ಹೋಗಿ ಸ್ಟೀಮಿನ ಅಪ್ಪಣೆ ಪಡೆಯಬೇಕಾಯ್ತು. ಜನ ಬೈದರು, ಆಮೇಲೆ ಒಗ್ಗಿಕೊಂಡರು. ಅನುಕೂಲವೂ ಇತ್ತಲ್ಲ, ಡಿಸ್ಕ್ ಗೀಚುವ ಭಯ ಇಲ್ಲ, ಸೇಲಿನಲ್ಲಿ ಅಗ್ಗ. ಆದರೆ ಪೆಟ್ಟಿಗೆ ಮತ್ತು ಕಂಪನಿ ನಡುವೆ ಒಂದು ದಾರ ಕಟ್ಟಿದ್ದು ಅಂದೇ.

2006ರ ಏಪ್ರಿಲ್. ಬೆಥೆಸ್ಡಾ ಕಂಪನಿ 'ಒಬ್ಲಿವಿಯನ್' ಆಟದ ಕುದುರೆಗೆ ಒಂದು ಕವಚ ಮಾರಿತು. ಎಕ್ಸ್‌ಬಾಕ್ಸಿನಲ್ಲಿ ಬೆಲೆ 200 ಪಾಯಿಂಟು, ಅಂದರೆ ಎರಡೂವರೆ ಡಾಲರ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆಗೆ ಕುದುರೆಯ ಉದಾಹರಣೆ! ಇಡೀ ಜಗತ್ತು ನಕ್ಕಿತು, ಆದರೂ ಕವಚ ಮಾರಾಟವಾಯ್ತು. ಇನ್ನೊಂದು ಗಮನಿಸಿ. ಬೆಲೆ ಡಾಲರಿನಲ್ಲಿಲ್ಲ, ಪಾಯಿಂಟಿನಲ್ಲಿ. ಜಾತ್ರೆಯಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡ ಹಾಗೆ. ಕೈಯಲ್ಲಿರೋದು ದುಡ್ಡು ಅನ್ನೋದು ಮರೆತರೆ ಖರ್ಚು ಮಾಡೋದು ಸುಲಭ.

ಅದಕ್ಕೂ ಮೊದಲೇ, 2004ರಲ್ಲಿ, 'ಮೇಪಲ್ ಸ್ಟೋರಿ' ಆಟದ ಜಪಾನಿನ ಆವೃತ್ತಿಯಲ್ಲಿ ಗಾಚಾಪಾನ್ ಚೀಟಿ ಬಂದಿತ್ತು. ದುಡ್ಡು ಕೊಟ್ಟು ಚೀಟಿ ತಗೋ, ಒಳಗೆ ಏನು ಬರುತ್ತೋ ನಿನ್ನ ಅದೃಷ್ಟ. ಚೀಟಿಯ ಬೆಲೆ 100 ಯೆನ್. ಸ್ಪೇಸ್ ಇನ್ವೇಡರ್ಸ್ ಮಶೀನಿನ ಕಂಡಿಗೆ ಹಾಕ್ತಿದ್ದ ಅದೇ 100 ಯೆನ್! ನಾಣ್ಯ ಅದೇ, ಕಂಡಿ ಮಾತ್ರ ಮನೆಯೊಳಗೆ. 2009ರಲ್ಲಿ ಇಎ ಕಂಪನಿಯ ಫೀಫಾ ಆಟದಲ್ಲಿ ಆಟಗಾರರ ಕಾರ್ಡುಗಳ ಪೊಟ್ಟಣ, 2010ರಲ್ಲಿ 'ಟೀಮ್ ಫೋರ್ಟ್ರೆಸ್ 2'ರಲ್ಲಿ ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈಗೆ ದುಡ್ಡು. ಇವಕ್ಕೆಲ್ಲ ಸೇರಿ ಲೂಟ್ ಬಾಕ್ಸ್ ಅಂತ ಹೆಸರಾಯ್ತು. ಲೂಟ್ ಅನ್ನೋ ಪದ ಇಂಗ್ಲಿಷಿಗೆ ಹೋಗಿದ್ದೇ ನಮ್ಮ ದೇಶದಿಂದ, ನಾವು ಲೂಟಿ ಅಂತೀವಲ್ಲ ಅದೇ. ಕಂಪನಿಗಳು ಕೆಲವೊಮ್ಮೆ ಗೊತ್ತಿಲ್ಲದೇ ನಿಜ ಹೇಳಿಬಿಡ್ತವೆ.

ಒಮ್ಮೆ ಮಾರುವುದಕ್ಕಿಂತ ದಿನಾ ಕಾಸು ಹಾಕಿಸೋದು ಲಾಭ ಅನ್ನೋದಕ್ಕೆ ಜಿಟಿಎ ನೋಡಿ. 2001, 2002, 2004ರಲ್ಲಿ ಒಂದಾದ ಮೇಲೊಂದು ದೊಡ್ಡ ಆಟ ಬಂದವು. ಆಮೇಲೆ 2008, ಆಮೇಲೆ 2013. ಐದನೆಯದರ ಜತೆ ಆನ್‌ಲೈನ್ ಆಟ, ಅದರಲ್ಲಿ ನಕಲಿ ದುಡ್ಡನ್ನು ಅಸಲಿ ದುಡ್ಡು ಕೊಟ್ಟು ಕೊಳ್ಳುವ ಕಾರ್ಡು. ಅದಾಗಿ ಹತ್ತು ವರ್ಷ ದಾಟಿದರೂ ಹೊಸ ಜಿಟಿಎ ಬರಲಿಲ್ಲ. ಆಟ ದೊಡ್ಡದಾಯ್ತು, ಸಮಯ ಬೇಕು, ಒಪ್ಪೋಣ. ಆದರೆ ಹಸು ದಿನಾ ಹಾಲು ಕರೀತಿರುವಾಗ ಇನ್ನೊಂದು ಹಸು ಕೊಳ್ಳೋ ಅವಸರ ಯಾರಿಗಿರುತ್ತೆ? ಈ ಕಥೆಗೆ ನಮ್ಮೂರಿನ ನಂಟೂ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರು ಮಾಡಿದ 'ಧ್ರುವ ಇಂಟರಾಕ್ಟಿವ್' ನಮ್ಮ ದೇಶದ ಹಳೆಯ ಗೇಮ್ ಸಂಸ್ಥೆಗಳಲ್ಲೊಂದು. ಅದು ಮೊದಲು ಸ್ವೀಡನ್ನಿನ ಕಂಪನಿಯೊಂದರ ಕೈ ಸೇರಿ, 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯ ಪಾಲಾಯ್ತು.

2017ರ ನವೆಂಬರಿನಲ್ಲಿ ಇಎ ಮಿತಿ ಮೀರಿತು. ಪೂರ್ತಿ ಬೆಲೆ ಕೊಟ್ಟು 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಕೊಂಡವರಿಗೆ ಡಾರ್ತ್ ವೇಡರ್ ಸಿಗಬೇಕಾದರೆ ಗಂಟೆಗಟ್ಟಲೆ ಬೆವರು ಸುರಿಸಬೇಕಿತ್ತು. ಡಬ್ಬಿ ಒಡೆದರೆ ಬೇಗ ಬಲ ಬರುತ್ತಿತ್ತು. ಸಿಟ್ಟಿಗೆದ್ದ ಜನರಿಗೆ ಕಂಪನಿ ರೆಡಿಟ್‌ನಲ್ಲಿ ಸಮಾಧಾನ ಹೇಳಿದರೆ ಅದಕ್ಕೆ ಆರು ಲಕ್ಷಕ್ಕೂ ಹೆಚ್ಚು ವಿರೋಧದ ಮತ ಬಿದ್ದು ಗಿನ್ನೆಸ್ ದಾಖಲೆಯಾಯ್ತು. ಆಟ ಬಿಡುಗಡೆಯ ಹೊತ್ತಿಗೆ ಇಎ ದುಡ್ಡಿನ ಮಾರಾಟ ನಿಲ್ಲಿಸಿತು. ಮರುವರ್ಷ ಬೆಲ್ಜಿಯಂ ಇಂಥ ಡಬ್ಬಿಗಳು ಜೂಜೇ ಅಂತ ಘೋಷಿಸಿತು. 2019ರ ಜನವರಿಯಲ್ಲಿ ಇಎ ಅಲ್ಲಿ ಫೀಫಾ ಪಾಯಿಂಟ್ ಮಾರೋದು ಬಿಟ್ಟಿತು. 2022ರ ಡಿಸೆಂಬರಿನಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಕಂಪನಿ ಅಮೆರಿಕ ಸರ್ಕಾರದ ಜತೆ 52 ಕೋಟಿ ಡಾಲರಿಗೆ ರಾಜಿಯಾಯ್ತು. ಅದರಲ್ಲಿ 24.5 ಕೋಟಿ ಡಾಲರು, ಮಕ್ಕಳು ದೊಡ್ಡವರು ಅನ್ನದೆ ಬೇಡದ ಖರೀದಿಗೆ ಬೀಳಿಸುವ ಗುಂಡಿ ಜೋಡಣೆ ಮಾಡಿದ್ದಕ್ಕೆ ಗಿರಾಕಿಗಳಿಗೆ ವಾಪಸ್ ಕೊಡಬೇಕಾದ ದುಡ್ಡು.

ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂತು, ದುಡ್ಡು ಒಡ್ಡಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಡ್ರೀಮ್ 11 ತನ್ನ ದುಡ್ಡಿನ ಪಂದ್ಯಗಳನ್ನು ನಿಲ್ಲಿಸಿತು. ಸರಿ. ಆದರೆ ದುಡ್ಡು ಒಡ್ಡಿ ಬಣ್ಣದ ಅಂಗಿ ಗೆಲ್ಲುವ ಡಬ್ಬಿ ಆ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಹೈಸ್ಕೂಲು ಹುಡುಗರ ಮೊಬೈಲಿನಲ್ಲಿ ಅಪ್ಪನ ಯುಪಿಐಯಿಂದ ಹರಿಯೋ ದುಡ್ಡು ಈ ಎರಡನೆಯ ಜಾತಿಯದ್ದು.

*

ಕಾಸು ಹೋದರೆ ಹೋಗಲಿ, ದುಡಿಯಬಹುದು. ನನ್ನ ನಿಜವಾದ ಹೊಟ್ಟೆಯುರಿ ಬೇರೆ. ದಾರ ಕಟ್ಟಿದವರು ಒಂದು ದಿನ ಅದನ್ನು ಎಳೆದೂ ಎಳೀತಾರೆ.

2013ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ 'ಎಕ್ಸ್‌ಬಾಕ್ಸ್ ಒನ್' ಪ್ರಕಟಿಸಿತು. ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಹಾಜರಿ ಹಾಕಬೇಕು, ಹಳೆ ಡಿಸ್ಕ್ ಮಾರೋಕೂ ಕೊಡೋಕೂ ಕಟ್ಟುಪಾಡು. ಸೋನಿ ತಕ್ಷಣ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೋ ಬಿಟ್ಟಿತು: ಪ್ಲೇಸ್ಟೇಷನ್ 4ರ ಆಟ ಗೆಳೆಯನಿಗೆ ಕೊಡೋದು ಹೇಗೆ? ಒಬ್ಬ ಡಿಸ್ಕ್ ಕೊಟ್ಟ, ಇನ್ನೊಬ್ಬ ತಗೊಂಡ, ಮುಗೀತು. ಜನ ಚಪ್ಪಾಳೆ ಹೊಡೆದರು. ಒಂದೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಆದರೆ ಅದೇ ಸೋನಿ 2020ರಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲದ ಪ್ಲೇಸ್ಟೇಷನ್ 5 ಮಾರಿತು. 2024ರ 'ಪ್ರೋ'ದಲ್ಲಿ ಡಿಸ್ಕ್ ಡ್ರೈವ್ ಬೇಕಾದರೆ ಬೇರೆ ದುಡ್ಡು. ಗೆಳೆಯನಿಗೆ ಏನು ಕೊಡೋದು ಈಗ, ಗಾಳಿನಾ?

ಯೂಬಿಸಾಫ್ಟ್ ಕಂಪನಿಯ 'ದ ಕ್ರೂ' ಅನ್ನೋ ಕಾರ್ ಓಡಿಸುವ ಆಟ 2014ರಲ್ಲಿ ಬಂತು. ಇಡೀ ಅಮೆರಿಕವನ್ನು ಚಿಕ್ಕದಾಗಿ ಕಟ್ಟಿ ಅದರೊಳಗೆ ತಿರುಗಾಡೋದು. ಒಬ್ಬನೇ ಆಡಿದರೂ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಆಮೇಲೆ ಕೊಂಡವರ ಖಾತೆಗಳಿಂದ ಆಟವನ್ನೇ ಕಿತ್ತುಕೊಂಡರು. ಡಿಸ್ಕ್ ಇಟ್ಟುಕೊಂಡವರ ಹತ್ತಿರ ಉಳಿದದ್ದು ಕಾಫಿ ಲೋಟ ಇಡೋಕೆ ಒಂದು ಬಿಲ್ಲೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಇದು ಒಂದೆರಡು ಆಟದ ಮಾತಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತು: 2010ಕ್ಕಿಂತ ಮೊದಲು ಅಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಇವತ್ತು ಅಂಗಡಿಯಲ್ಲಿ ಸಿಗಲ್ಲ. ಹಳೆಯವಾದರೂ ಯಾರದೋ ಅಟ್ಟದ ಮೇಲೆ ಕಾರ್ಟ್ರಿಡ್ಜ್ ಆಗಿಯಾದರೂ ಇರ್ತವೆ. ಈಗಿನವಕ್ಕೆ ಅಟ್ಟವೂ ಇಲ್ಲ.

ಮಾಡಿದವರ ಕಥೆಯೂ ವೃತ್ತ ಸುತ್ತಿ ಬಂದಿದೆ. ಹೆಸರು ಬೇಕು, ಪಾಲು ಬೇಕು ಅಂತ ನಾಲ್ವರು ಹೊರಬಂದು ಕಟ್ಟಿದ ಆಕ್ಟಿವಿಷನ್ ಬೆಳೆದು ಬೆಳೆದು, 2023ರ ಅಕ್ಟೋಬರಿನಲ್ಲಿ ಸುಮಾರು 6,900 ಕೋಟಿ ಡಾಲರಿಗೆ ಮೈಕ್ರೋಸಾಫ್ಟಿನ ಪಾಲಾಯ್ತು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದ 1,900 ಜನರನ್ನು ಮನೆಗೆ ಕಳಿಸಿತು. ದುಡ್ಡಿನ ಡಬ್ಬಿ ದೊಡ್ಡದಾಯ್ತು, ತುಂಬಿಸಿಕೊಟ್ಟವರಿಗೆ ಜಾಗ ಇಲ್ಲ.

ಹಾಗಾದರೆ ಕೈಕಟ್ಟಿ ಕೂರೋದಾ? ಸಿನಿಕನಾದರೂ ನಾನು ಅಷ್ಟು ದೂರ ಹೋಗಲ್ಲ. ಮೇಲಿನ ಕಥೆಯನ್ನೇ ಇನ್ನೊಮ್ಮೆ ನೋಡಿ. ಕಂಪನಿ ತಾನಾಗಿ ಬಿಟ್ಟುಕೊಟ್ಟ ಒಂದು ಉದಾಹರಣೆ ಹುಡುಕೋದು ಕಷ್ಟ, ಆದರೆ ಜನ ಗಲಾಟೆ ಮಾಡಿ, ಕಾನೂನು ತಂದು ಬಿಡಿಸಿಕೊಂಡಿದ್ದು ಬೇಕಾದಷ್ಟಿದೆ. 'ದ ಕ್ರೂ' ಸತ್ತಾಗ ರಾಸ್ ಸ್ಕಾಟ್ ಅನ್ನುವವನು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅನ್ನೋ ಚಳವಳಿ ಶುರು ಮಾಡಿದ. ಬೇಡಿಕೆ ತುಂಬ ಸಣ್ಣದು. ಸರ್ವರ್ ಸದಾಕಾಲ ನಡೆಸಿ ಅಂತ ಯಾರೂ ಕೇಳ್ತಿಲ್ಲ, ಬಾಗಿಲು ಹಾಕಿ ಹೋಗುವಾಗ ಆಟ ಆಡೋ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ, ಅಷ್ಟೆ. ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ ಅದಕ್ಕೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ, ಪಾಂಗ್ ಹುಟ್ಟಿದ ಅದೇ ರಾಜ್ಯದಲ್ಲಿ, 2025ರ ಜನವರಿ 1ರಿಂದ ಒಂದು ಕಾನೂನು ಬಂದಿದೆ: ಕೊಡೋದು ಬರೀ ಪರವಾನಗಿ ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳದೆ "ಕೊಳ್ಳಿ" ಅನ್ನೋ ಹಾಗಿಲ್ಲ. ಸ್ಟೀಮ್ 2024ರ ಅಕ್ಟೋಬರಿನಲ್ಲೇ ಈ ಮಾತನ್ನು ಬೆಲೆಯ ಕೆಳಗೆ ಹಾಕಿತು. ಇಪ್ಪತ್ತು ವರ್ಷ ಮಾರಿದ ಮೇಲೆ!

ಒಂದು ಚೌಕಾಬಾರ ಮನೆ ಬರೆಯೋಕೆ ಸೀಮೆಸುಣ್ಣ ಸಾಕು, ಆಡೋಕೆ ನಾಲ್ಕು ಕವಡೆ ಅಥವಾ ಉಜ್ಜಿದ ಹುಣಸೆಬೀಜ. ಅದನ್ನು ಮಾಡಿದವರ ಹೆಸರೂ ಉಳಿದಿಲ್ಲ, ಆಟ ಮಾತ್ರ ಉಳಿದಿದೆ, ಆರಿಸೋಕೆ ಅದಕ್ಕೆ ಸ್ವಿಚ್ಚೇ ಇಲ್ಲ. ವಿಡಿಯೋ ಗೇಮು ಅಷ್ಟು ಸರಳ ಆಗಬೇಕು ಅಂತ ನಾನು ಹೇಳ್ತಿಲ್ಲ. ನನ್ನ ದುಡ್ಡು ಕೊಟ್ಟು ತಂದ ಆಟ, ಆ ಕಂಪನಿ ಮುಳುಗಿದ ಮೇಲೂ, ಮುಂದೊಂದು ದಿನ ಇನ್ಯಾವನೋ ಹುಡುಗನ ಕೈಗೆ ಸಿಗಬೇಕು ಅನ್ನೋದಷ್ಟೇ ಆಸೆ.

ಆ ಗುಂಡಿ ನೆನಪಿದೆ ತಾನೆ? 2014ರ ಏಪ್ರಿಲಿನಲ್ಲಿ ಆಲಮೊಗಾರ್ಡೊದ ಆ ಕಸದ ಗುಂಡಿಯನ್ನು ಅಗೆದರು. ಸುಮಾರು 1,300 ಕಾರ್ಟ್ರಿಡ್ಜುಗಳು ಹೊರಬಂದವು. ಐದು ವಾರದಲ್ಲಿ ಮಾಡಿದ, ಜಗತ್ತೆಲ್ಲ ಬೈದ 'ಇಟಿ'ಯ ಒಂದು ಪ್ರತಿ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಮೂವತ್ತು ವರ್ಷ ಮಣ್ಣಲ್ಲಿದ್ದರೂ ಹೂತಿದ್ದು ಒಂದು ವಸ್ತು, ಹಾಗಾಗಿ ತೆಗೆದರೆ ಸಿಕ್ಕಿತು. 2024ರಲ್ಲಿ ಹೂತ 'ದ ಕ್ರೂ'ಗೆ ಇಂಥ ಯಾವ ಗುಂಡಿಯೂ ಇಲ್ಲ. ಅದನ್ನ ಎಲ್ಲಿ ಅಗೆಯೋದು?